ಕಲ್ಪಿತ ನೋಟ: ಲೂಯಿ ಮಾಲ್ ಅವರ ಒಂದು ಚಿತ್ರದಲ್ಲಿ ಬಾಲ್ಯಸಖ್ಯ

ಬಾಲ್ಯದ ಗೆಳೆತನವನ್ನು ವಸ್ತುವಾಗಿ ಉಳ್ಳ ಚಲಚ್ಚಿತ್ರಗಳಲ್ಲಿ ನಿಷ್ಠೆಯು ಸಾಮಾನ್ಯವಾಗಿ ಸಾಹಸದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಗೆಳೆಯನಿಗಾಗಿ ಏಟು ತಿನ್ನುವುದು, ಗುಟ್ಟನ್ನು ಕಾಯುವುದು, ಅಪಾಯದಲ್ಲಿ ಕೈಹಿಡಿಯುವುದು. ಫ್ರಾನ್ಸಿನ ನಿರ್ದೇಶಕ ಲೂಯಿ ಮಾಲ್ (1932–1995) ಅವರು 1987ರಲ್ಲಿ ತೆಗೆದ ‘ಓ ರವ್ವಾರ್ ಲೆಜಾಂಫಾಂ’ ಈ ಮಾರ್ಗವನ್ನು ಬಿಟ್ಟ ಕೃತಿ. ವೆನಿಸ್ ಚಿತ್ರೋತ್ಸವದಲ್ಲಿ ಸುವರ್ಣಸಿಂಹ ಪ್ರಶಸ್ತಿಯನ್ನು ಪಡೆದ ಈ ಚಿತ್ರದ ಹೆಸರನ್ನು ‘ಹೋಗಿ ಬರುತ್ತೇನೆ, ಮಕ್ಕಳೆ’ ಎಂದು ಕನ್ನಡಿಸಬಹುದು. ಬೀಳ್ಕೊಳ್ಳುವಾಗ ಬರಿದೆ ‘ಹೋಗುತ್ತೇನೆ’ ಎನ್ನಲು ನಮ್ಮ ಜನ ಹಿಂಜರಿಯುವರಷ್ಟೆ. ಫ್ರೆಂಚ್ ಮಾತಿನಲ್ಲಿಯೂ ಮರಳಿ ಕಾಣುವ ಆಸೆ ಅಡಗಿದೆ. ಆ ಮಾತನ್ನಾಡಿದವರು ಮರಳಲಿಲ್ಲ.

ಮೊದಲು ನಡೆದುದನ್ನು ಹೇಳಬೇಕು. ಫಾಂಟನ್‌ಬ್ಲೋ ಬಳಿಯ ಆವೋಂ ಎಂಬ ಊರಿನಲ್ಲಿ ಕಾರ್ಮೆಲೈಟ್ ಪಂಥದ ಕ್ರೈಸ್ತ ಸಂನ್ಯಾಸಿಗಳ ವಸತಿಶಾಲೆಯೊಂದಿತ್ತು. ಫ್ರಾನ್ಸು ಜರ್ಮನರ ವಶದಲ್ಲಿದ್ದ ಕಾಲದಲ್ಲಿ ಅದರ ಮುಖ್ಯಸ್ಥರಾದ ಪಾದ್ರಿ ಜಾಕ್ ಅವರು ಮೂವರು ಯೆಹೂದಿ ಬಾಲಕರನ್ನು ಸುಳ್ಳು ಹೆಸರುಗಳಲ್ಲಿ ಸೇರಿಸಿಕೊಂಡು ಮರೆಯಿಟ್ಟಿದ್ದರು. 1944ರ ಜನವರಿ 15ರಂದು ಗೆಸ್ಟಾಪೊ ಬಂದು ಪಾದ್ರಿಗಳನ್ನೂ ಬಾಲಕರನ್ನೂ ಹಿಡಿದೊಯ್ದಿತು. ಬಾಲಕರು ಫೆಬ್ರವರಿಯಲ್ಲಿ ಆಶ್‌ವಿಟ್ಸ್‌ನಲ್ಲಿ ಹತರಾದರು. ಪಾದ್ರಿಗಳು ಸೆರೆಶಿಬಿರದಿಂದ ಬಿಡುಗಡೆಯಾದರೂ 1945ರ ಜೂನಿನಲ್ಲಿ ತೀರಿಕೊಂಡರು. ಹನ್ನೊಂದು ವರ್ಷದ ಮಾಲ್ ಆಗ ಆ ಶಾಲೆಯ ವಿದ್ಯಾರ್ಥಿ.

ಚಿತ್ರದಲ್ಲಿ ಮಾಲ್ ಅವರ ಸ್ಥಾನದಲ್ಲಿರುವವನು ಜೂಲಿಯೆನ್, ಗೆಳೆಯ ಬೊನೆ. ಇವರ ಗೆಳೆತನ ಪ್ರೀತಿಯಿಂದ ಆರಂಭವಾಗುವುದಿಲ್ಲ. ತನಗಿಂತ ಜಾಣನೂ ಪಿಯಾನೋ ನುಡಿಸಬಲ್ಲವನೂ ಆದ ಹೊಸಬನ ಮೇಲೆ ಜೂಲಿಯೆನ್ನನಿಗೆ ಮೊದಲು ಅಸೂಯೆ, ಅದರಿಂದ ಕುತೂಹಲ. ಅವನ ಕಪಾಟನ್ನು ಕದ್ದು ಶೋಧಿಸಿ ಪುಸ್ತಕವೊಂದರಲ್ಲಿ ಅವನ ನಿಜವಾದ ಹೆಸರನ್ನು ಕಂಡುಕೊಳ್ಳುತ್ತಾನೆ. ಗುಟ್ಟು ಕೈಸೇರಿದ ಮೇಲೆಯೇ ಸ್ನೇಹ. ಕಾಡಿನಲ್ಲಿ ಇಬ್ಬರೂ ದಾರಿತಪ್ಪುವುದು, ವಿಮಾನದಾಳಿಯ ಎಚ್ಚರಿಕೆಗೆ ಉಳಿದವರು ಆಶ್ರಯಕ್ಕೆ ಓಡಿರಲು ಇವರು ಒಂದೇ ಪಿಯಾನೋವನ್ನು ನಾಲ್ಕು ಕೈಗಳಿಂದ ನುಡಿಸುವುದು, ಇವೆಲ್ಲ ಬಹು ಸಹಜವಾಗಿ ಬಂದಿವೆ. ತರುವಾಯ ಗೆಸ್ಟಾಪೊ ಅಧಿಕಾರಿ ತರಗತಿಗೆ ಬಂದು ಆ ಹುಡುಗ ಯಾರೆಂದು ಕೇಳುತ್ತಾನೆ. ಅವನು ಬೆನ್ನು ತಿರುಗಿಸಿದಾಗ ಜೂಲಿಯೆನ್ ತನಗರಿಯದೆ ಒಂದು ಕ್ಷಣ ಬೊನೆಯತ್ತ ನೋಡುತ್ತಾನೆ. ಅಧಿಕಾರಿ ಆ ನೋಟವನ್ನು ಹಿಡಿದುಬಿಡುತ್ತಾನೆ.

ಈ ನೋಟ ಕಲ್ಪಿತ. ನಿಜಜೀವನದಲ್ಲಿ ಆ ಹುಡುಗನೊಡನೆ ತಮ್ಮ ಸ್ನೇಹ ಇಷ್ಟು ಗಾಢವಾಗಿರಲಿಲ್ಲ ಎಂಬುದನ್ನೂ ಮಾಲ್ ಮರೆಮಾಚಲಿಲ್ಲ. ತನ್ನ ಕಥೆಯನ್ನು ತಾನೇ ಹೇಳುವವನು ತಪ್ಪನ್ನು ಹಗುರಮಾಡಿ ಹೇಳುವುದು ಲೋಕರೂಢಿ; ಇಲ್ಲಿಯಾದರೋ ಮಾಡದ ತಪ್ಪನ್ನು ಮೇಲೆ ಹೊತ್ತುಕೊಂಡಿದೆ. ಇದು ಉಚಿತವೆ? ಕಣ್ಣೀರು ಬರಿಸುವ ಉಪಾಯವೆಂದು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಬದುಕಿ ಉಳಿದವನಿಗೆ ಉಳಿದುದೇ ಅಪರಾಧವಾಗಿ ಕಾಡುತ್ತದೆ, ಆದರೆ ಆ ಭಾವಕ್ಕೆ ಕಣ್ಣಿಗೆ ಕಾಣುವ ಆಲಂಬನವಿಲ್ಲ. ನೋಟವು ಅದನ್ನು ಒದಗಿಸಿದೆ. ಅಲ್ಲದೆ, ಗೆಳೆಯನಲ್ಲದವನು ಆ ಕ್ಷಣದಲ್ಲಿ ತಿರುಗಿ ನೋಡುತ್ತಲೇ ಇರಲಿಲ್ಲ. ಹಿಡಿದುಕೊಟ್ಟುದು ಅಕ್ಕರೆಯೇ. ಬಾಲ್ಯದಲ್ಲಿ ಬೆಳೆಯದೆ ಹೋದ ಸ್ನೇಹವನ್ನು ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬೆಳೆಸಿ, ಅದಕ್ಕೆ ಸಲ್ಲಬೇಕಾದ ಶೋಕವನ್ನು ಸಲ್ಲಿಸಿದುದನ್ನೇ ನಾವು ನಿಷ್ಠೆಯೆಂದು ಕರೆಯಬೇಕಾಗಿದೆ.

ಆದರೆ ಈ ಲೆಕ್ಕದಲ್ಲಿ ಮೂರನೆಯ ಹುಡುಗನೊಬ್ಬ ಸೇರಿಲ್ಲ. ಅಡುಗೆಮನೆಯ ಆಳು, ಕುಂಟ ಜೋಸೆಫ್, ಮಾಲ್ ಅವರ 1974ರ ‘ಲಾಕೋಂಬ್, ಲ್ಯೂಸಿಯೆನ್’ ಚಿತ್ರದಲ್ಲಿ ಜರ್ಮನರ ಪಕ್ಷ ಸೇರುವ ರೈತಹುಡುಗನ ತಮ್ಮನಂತಿದ್ದಾನೆ. ಸಿರಿವಂತರ ಮಕ್ಕಳು ಮನೆಯಿಂದ ಬಂದ ತಿನಿಸುಗಳನ್ನು ಅವನಿಗೆ ಮಾರುತ್ತಾರೆ. ಜೂಲಿಯೆನ್ನನೂ ಜಾಮು ಕೊಟ್ಟು ಅಂಚೆಚೀಟಿ ಪಡೆಯುತ್ತಾನೆ. ಕಳ್ಳವ್ಯಾಪಾರ ಬಯಲಾದಾಗ ಕೆಲಸ ಹೋಗುವುದು ಜೋಸೆಫನೊಬ್ಬನಿಗೆ. ಹುಡುಗರಿಗೆ ಹೊರಗೆ ಹೋಗುವ ಅನುಮತಿ ತಪ್ಪುತ್ತದೆ, ಅಷ್ಟೆ. ಅವನೇ ಗೆಸ್ಟಾಪೊಗೆ ಸುದ್ದಿ ಮುಟ್ಟಿಸುತ್ತಾನೆ. ಅದಕ್ಕೆ ಮುಂಚೆ ಚಾಪ್ಲಿನ್ನರ ‘ದಿ ಇಮಿಗ್ರಂಟ್’ (1917) ಚಿತ್ರವನ್ನು ನೋಡುತ್ತ ಅವನೂ ಬೊನೆಯೂ ಪಾದ್ರಿಗಳೂ ಒಂದೇ ಕೋಣೆಯಲ್ಲಿ ನಕ್ಕಿದ್ದರು.

ಬೊನೆ ತನ್ನ ಸಾಮಾನು ಕಟ್ಟುತ್ತ, ಹೇಗಾದರೂ ಸಿಕ್ಕಿಬೀಳುತ್ತಿದ್ದೆನೆಂದು ಜೂಲಿಯೆನ್ನನನ್ನು ಸಮಾಧಾನಪಡಿಸಿ ಪುಸ್ತಕಗಳನ್ನು ಅವನಿಗೆ ಬಿಟ್ಟುಹೋಗುತ್ತಾನೆ. ಜೋಸೆಫನಿಗೆ ಇಂಥ ಬೀಳ್ಕೊಡುಗೆ ಇಲ್ಲ. ನಿಮ್ಮೊಡನೆ ವ್ಯಾಪಾರ ಮಾಡದಿದ್ದರೆ ನನ್ನನ್ನು ಹೊರಗೆ ಹಾಕುತ್ತಿರಲಿಲ್ಲವೆಂದು ಅವನು ಜೂಲಿಯೆನ್ನನಿಗೆ ಹೇಳುತ್ತಾನೆ. ಜೂಲಿಯೆನ್ ಮಾತನಾಡದೆ ಹಿಂದೆ ಸರಿಯುತ್ತಾನೆ.