ಕೂಡಿಬಿದ್ದ ಕೆಲಸ

2004ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಪುಟ್ಟ ತಂಡಕ್ಕೆ ಕಂಪನಿಯೊಳಗೇ ಕೆಟ್ಟ ಹೆಸರು. ಒಳಬಳಕೆಯ ಸಾಫ್ಟ್‌ವೇರ್‌ಗಳಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಡುವುದು ಅದರ ಕೆಲಸ. ಬೇಡಿಕೆ ಇಡುವವರು ಅಮೆರಿಕದಲ್ಲಿ, ಕೋಡ್ ಬರೆದು ಟೆಸ್ಟ್ ಮಾಡುವವರು ಹೈದರಾಬಾದಿನಲ್ಲಿ. ಇಂದು ಕೇಳಿದ್ದು ಕೈಸೇರಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು.

ಹುಡುಗರು ಸೋಮಾರಿಗಳಾಗಿರಲಿಲ್ಲ. ಯಾರು ಏನು ಕೇಳಿದರೂ ಎರಡು ದಿನದೊಳಗೆ ಎಸ್ಟಿಮೇಟ್ ಕೊಡಬೇಕೆಂಬ ನಿಯಮವಿತ್ತು. ಅದಕ್ಕಾಗಿ ಕೈಯಲ್ಲಿದ್ದುದನ್ನು ಬಿಟ್ಟು ಹಳೆಯ ಕೋಡ್ ಜಾಲಾಡಬೇಕು. ತಂಡದ ದುಡಿಮೆಯ ಮೂರನೇ ಒಂದು ಪಾಲು ಹೀಗೆ ಅಂದಾಜು ಹಾಕುವುದರಲ್ಲೇ ಕರಗುತ್ತಿತ್ತು. ಅಂದಾಜಾದ ಬೇಡಿಕೆಗಳಲ್ಲಿ ಎಷ್ಟೋ ಮುಂದೆ ಕೆಲಸಕ್ಕೇ ಬರುತ್ತಿರಲಿಲ್ಲ. ತಂಡದ ಮ್ಯಾನೇಜರ್ ಡ್ರಾಗೋಸ್ ಡುಮಿಟ್ರಿಯು, ಸಹೋದ್ಯೋಗಿ ಡೇವಿಡ್ ಆಂಡರ್ಸನ್ ಸಲಹೆಯಂತೆ, ಎಸ್ಟಿಮೇಟ್ ನಿಲ್ಲಿಸಿದರು. ಒಂದು ಕೆಲಸ ಮುಗಿದರಷ್ಟೇ ಇನ್ನೊಂದು ಒಳಗೆ ಎಂದು ಮಿತಿ ಹಾಕಿದರು. ಒಂದೂಕಾಲು ವರ್ಷದಲ್ಲಿ ಐದು ತಿಂಗಳ ಕಾಯುವಿಕೆ ಎರಡು ವಾರಕ್ಕಿಳಿಯಿತು.

ಯಾರಿಗೂ ಬೇಗ ಬೇಗ ಮಾಡಿ ಎನ್ನಲಿಲ್ಲವಲ್ಲ, ಅದಕ್ಕೇ ಈ ಪ್ರಸಂಗ ನನಗೆ ಇಷ್ಟ. ಪೋಲು ನಿಂತಿದ್ದೇ ಸಾಕಾಯಿತು.

ಟೊಯೋಟದ ತೈಇಚಿ ಓನೊ ಏಳು ಬಗೆಯ ಪೋಲನ್ನು ಗುರುತಿಸಿ, ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದೇ ಎಲ್ಲಕ್ಕಿಂತ ಕೆಟ್ಟದ್ದೆಂದರು. ಆ ಏಳನ್ನು ಸಾಫ್ಟ್‌ವೇರ್‌ಗೆ ಒಗ್ಗಿಸಿ 2003ರಲ್ಲಿ ಪುಸ್ತಕ ಬರೆದವರು ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿ. ಅವರ ಪಟ್ಟಿಯಲ್ಲಿ ಅರ್ಧಂಬರ್ಧ ಮಾಡಿಟ್ಟ ಕೆಲಸಕ್ಕೆ ಮೊದಲ ಸ್ಥಾನ. ಕಾರ್ಖಾನೆಯಲ್ಲಾದರೆ ಅಂಥದ್ದು ರಾಶಿಯಾಗಿ ಬಿದ್ದು ಓಡಾಡುವ ದಾರಿಗೇ ಅಡ್ಡವಾಗುತ್ತದೆ, ಕಣ್ಣಿಗೆ ಕುಕ್ಕುತ್ತದೆ. ಕೋಡ್ ಹಾಗಲ್ಲ. ರಿವ್ಯೂಗೆಂದು ಮೂರು ವಾರ ಕೂತ ಬ್ರಾಂಚ್ ಯಾರ ಕಾಲಿಗೂ ತೊಡರುವುದಿಲ್ಲ. ಅಷ್ಟರಲ್ಲಿ ಸುತ್ತಲಿನ ಕೋಡ್ ಬದಲಾಗಿರುತ್ತದೆ. ಬರೆದವಳಿಗೇ ಆ ಸಾಲು ಯಾಕೆ ಹಾಕಿದೆ ಎಂಬುದು ಮರೆತಿರುತ್ತದೆ. ಮರ್ಜ್ ಮಾಡುವ ದಿನ ಅರ್ಧ ಕೆಲಸ ಮತ್ತೆ ಮಾಡಬೇಕು.

ನಮ್ಮ ಬೆಂಗಳೂರಿನ ಎಷ್ಟೋ ಆಫೀಸುಗಳ ಗೋಡೆಯಲ್ಲೂ ಸ್ಕ್ರೀನಿನಲ್ಲೂ ಈಗ ಕಾನ್‌ಬಾನ್ ಬೋರ್ಡ್, ಅಂದರೆ ಯಾವ ಕೆಲಸ ಯಾವ ಹಂತದಲ್ಲಿದೆ ಎಂದು ಕಾಲಂಗಳಲ್ಲಿ ತೋರಿಸುವ ಹಲಗೆ, ಇದೆ. ಒಂದು ಕಾಲಂನಲ್ಲಿ ಒಮ್ಮೆಗೆ ಎಷ್ಟು ಕೆಲಸ ಎಂಬ ಮಿತಿಯ ಅಂಕಿಯಿಲ್ಲದ ಬೋರ್ಡನ್ನು ನಾನು ಬೋರ್ಡ್ ಎಂದೇ ಎಣಿಸುವುದಿಲ್ಲ. ಎಲ್ಲರ ಕೈತುಂಬ ಕೆಲಸವಿದ್ದರೆ ಮ್ಯಾನೇಜರಿಗೆ ಸಮಾಧಾನವಾಗಬಹುದು, ಗ್ರಾಹಕರಿಗೆ ಅದರಿಂದ ಏನೂ ಸಿಗದು. ನಿಜವಾದ ಪರೀಕ್ಷೆ ಟೆಸ್ಟಿಂಗ್ ಕಾಲಂ ತುಂಬಿದ ದಿನ. ಕೋಡ್ ಬರೆಯುವವರು ಆಗ ಹೊಸ ಟಿಕೆಟ್ ಎಳೆದುಕೊಳ್ಳದೆ, ಟೆಸ್ಟರ್ ಪಕ್ಕದಲ್ಲಿ ಕೂತು ಬಾಕಿಯನ್ನು ಮುಗಿಸಿಕೊಡುತ್ತಾರೆಯೇ ಎಂಬುದನ್ನು ನೋಡಿ.