ಹೊರೆಯಿಲ್ಲದ ಕಾಯಕ

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಲಿಂಗಾಯತರಿಗೆ ಬಸವಕಲ್ಯಾಣ ದೂರವೇನಲ್ಲ. ಶರಣರ ಪಟಗಳೂ ಹೊಸತಲ್ಲ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳಿಗೆ ಪಟದ ಕೆಳಗಿನ ಕನ್ನಡ ಅಕ್ಷರ ಬಾರದಿದ್ದರೂ ಕೈಯಲ್ಲಿರುವ ಉಪಕರಣ ನೋಡಿದರೆ ಸಾಕು: ಹುಟ್ಟು ಇದ್ದರೆ ಅಂಬಿಗರ ಚೌಡಯ್ಯ, ಹಗ್ಗವಿದ್ದರೆ ನುಲಿಯ ಚಂದಯ್ಯ. ಕಸುಬುದಾರನನ್ನು ಪೂಜೆಯ ಗೋಡೆಗೆ ಏರಿಸಿದ ಈ ಪರಂಪರೆ ದೊಡ್ಡದು. ಆದರೆ ಚಿತ್ರಗಳಾಗಿ ಇವು ಸೋತಿವೆ.

ಚೌಡಯ್ಯನ ಪಟವನ್ನೇ ನೋಡಿ. ಹಣೆಗೆ ಮೂರೆಳೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮಡಿಕೆ ಮುರಿಯದ ಧೋತರ, ಅರೆಮುಚ್ಚಿದ ಕಣ್ಣು. ಹುಟ್ಟನ್ನು ರಾಜದಂಡದಂತೆ ಹಿಡಿದಿದ್ದಾನೆ. ಹೊಳೆಯ ಸೆಳವಿಗೆ ಎದುರಾಗಿ ಅದನ್ನು ಎಳೆದ ತೋಳು ಅದಲ್ಲ. ಹೆಚ್ಚಿನ ಶರಣರು ದೇವರ ಹೆಸರನ್ನು ಅಂಕಿತವಾಗಿಟ್ಟರೆ ತನ್ನ ಹೆಸರನ್ನೇ ಇಟ್ಟುಕೊಂಡವ, ಡಾಂಭಿಕ ಗುರುಗಳನ್ನು ಮುಖದ ಮೇಲೇ ಬೈದವ ಈತ. ಆ ಬಾಯಿಗೆ ಚಿತ್ರಕಾರ ಬೀಗ ಹಾಕಿದ್ದಾನೆ.

ಇದರ ಪಕ್ಕದಲ್ಲಿ ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಥಾಮಸ್ ರೋಲ್ಯಾಂಡ್‌ಸನ್‌ನ ಚಿತ್ರಗಳನ್ನಿಟ್ಟು ನೋಡಬೇಕು. ಲಂಡನ್ನಿನ ಬೀದಿ ವ್ಯಾಪಾರಿಗಳ ಕೂಗುಗಳನ್ನು ಕುರಿತ ಅವನ 8 ಚಿತ್ರಗಳನ್ನು ಪ್ರಕಾಶಕ ಆಕರ್ಮನ್ 1799ರಲ್ಲಿ ಪ್ರಕಟಿಸಿದ. ತಾಮ್ರದ ತಗಡಿನಿಂದ ಅಚ್ಚು ತೆಗೆದು, ಆಮೇಲೆ ಕೈಯಿಂದ ಬಣ್ಣ ತುಂಬಿದವು. ಇಲಿಬೋನು ಮಾರುವವ, ಹಳೆಬಟ್ಟೆಯವ, ಬನ್ನು ಮಾರುವವರು ಅಲ್ಲಿದ್ದಾರೆ. ನಗು ಬಡವರ ಮೇಲೆ, ಚಿತ್ರ ಕೊಳ್ಳುವವರು ಉಳ್ಳವರು. ಆ ಕ್ರೌರ್ಯವನ್ನು ನಾನು ಒಪ್ಪಲಾರೆ. ಆದರೂ ಅವನ ಗೆರೆಯಲ್ಲಿ ಸರಕಿಗೆ ತೂಕವಿದೆ, ಹೊತ್ತ ಮೈ ವಾಲುತ್ತದೆ, ಬೀದಿಯ ಗದ್ದಲ ಕಿವಿಗೆ ಬೀಳುತ್ತದೆ. ದುಡಿಯುವ ಮೈಯನ್ನು ಅವನು ಕಣ್ಣಿಟ್ಟು ನೋಡಿದ್ದ. ಭಕ್ತಿಯಿಂದ ಬರೆಯುವ ನಮ್ಮವರು ಅಷ್ಟೂ ನೋಡಲಿಲ್ಲವಲ್ಲ ಎಂಬುದೇ ನನ್ನ ಸಂಕಟ. ವಚನದಲ್ಲಿ ಅಂಬಿಗನೇ ದೊಡ್ಡವರನ್ನು ಲೇವಡಿ ಮಾಡುತ್ತಾನೆ. ಲಂಡನ್ನಿನ ಅಚ್ಚುಚಿತ್ರಕ್ಕೂ ಸಿಗದ ಈ ವಸ್ತು ನಮ್ಮ ಕೈಯಲ್ಲೇ ಇತ್ತು.

ಚಂದಯ್ಯನ ಕಥೆ ಇನ್ನೂ ಚಿತ್ರವತ್ತಾದುದು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು; ಅವನು ಕೆಲಸ ಬಿಟ್ಟು ಅದರತ್ತ ತಿರುಗಲಿಲ್ಲ. ಈ ಪ್ರಸಂಗ ಬರೆಯಲು ಬೆನ್ನು ಬಗ್ಗಿರಬೇಕು, ಮೊಣಕಾಲಿನವರೆಗೆ ಕೆಸರಿರಬೇಕು, ಕುಡುಗೋಲು ಹಿಡಿದ ಮುಷ್ಟಿ ಬಿಗಿದಿರಬೇಕು. ಬಸವ ಜಯಂತಿಗೆ ಹೊಸ ಪಟ ಮಾಡಿಸುವವರು ಚಿತ್ರಕಾರನಿಗೆ ಮೊದಲು ಈ ಕಥೆ ಹೇಳಲಿ. ವಿಭೂತಿ, ರುದ್ರಾಕ್ಷಿ ಅವನಿಗೆ ಹೇಗೂ ಗೊತ್ತು.