ಮೂರು ನಿಮಿಷದ ವಿಡಿಯೊ

ಮೈಸೂರಿನ ಹೆಬ್ಬಾಳದ ನಮ್ಮ ತಂತ್ರಾಂಶ ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರಿದ್ದಾರೆ. ದೋಷ ಕಂಡರೆ ಉದ್ದದ ಇಮೇಲ್ ಬರೆಯುವುದಿಲ್ಲ. ಒಬಿಎಸ್ ತೆರೆದು ಪರದೆಯನ್ನೇ ರೆಕಾರ್ಡ್ ಮಾಡುತ್ತಾರೆ. ಅದು 2012ರಲ್ಲಿ ಬಂದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಮುಕ್ತ ತಂತ್ರಾಂಶ. ಕಸುಬುಗಾರಿಕೆ ಮಾತ್ರ ಅವರದೇ. ಗುಂಡಿ ಒತ್ತುವ ಮುನ್ನ ಮೌಸಿನ ಬಾಣವನ್ನು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಾರೆ, ನಮ್ಮ ಕಣ್ಣು ಅಲ್ಲಿಗೆ ತಲುಪಲಿ ಎಂದು. “ಇಲ್ಲಿ ನೋಡಿ, ಪಿನ್‌ಕೋಡ್ 570001 ಇದ್ದದ್ದನ್ನು ಕಾಸರಗೋಡಿನ 671121 ಮಾಡಿದೆ. ಸಾಗಣೆ ಶುಲ್ಕ ಬದಲಾಗಲೇ ಇಲ್ಲ” ಎನ್ನುವ ಮೆಲುದನಿ, ಹಿಂದೆ ಕೀಬೋರ್ಡಿನ ಟಕಟಕ. ಕೊನೆಗೆ, ಏನಾಗಬೇಕಿತ್ತು ಎಂಬ ಒಂದೇ ಮಾತು. ಅಷ್ಟರಲ್ಲಿ ಕೋಡ್ ಬರೆದವರು, ವಿನ್ಯಾಸ ಮಾಡಿದವರು, ದೂರದ ಗ್ರಾಹಕರು ಎಲ್ಲರೂ ಒಂದೇ ಚಿತ್ರ ಕಂಡಿರುತ್ತಾರೆ. ಹತ್ತು ಜನರ ಕಣ್ಣನ್ನು ಒಂದೆಡೆ ಕೂಡಿಸುವ ಈ ಕುಸುರಿಗೆ ನಾನು ಮನಸೋತಿದ್ದೇನೆ.